ಅವರ ಗೋಲಿಗೆ ಹೊಡೆದ ಚಪ್ಪಾಳೆ

ರೀ,

ನೀವು ತೀರಿಕೊಂಡ ಮೇಲೆ ವಿಂಧ್ಯಾಳ ಶಾಲೆಯ ವಾಟರ್ ಪೋಲೋ ಪಂದ್ಯಗಳಿಗೆ ನಾನೇ ಹೋಗುತ್ತಿದ್ದೇನೆ. ಆಟ ಇನ್ನೂ ಅರ್ಥವಾಗಿಲ್ಲ. ಇವತ್ತು ವಡೋದರಾದಲ್ಲಿ ಫೈನಲ್ ಇತ್ತು. ಕೊನೆಯ ಗಳಿಗೆಯಲ್ಲಿ ಗೋಲಾಯಿತು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ನಮ್ಮ ಕಡೆಯ ತಾಯಂದಿರೆಲ್ಲ ನನ್ನನ್ನೇ ನೋಡಿದರು.

ವಿಂಧ್ಯಾ ನೀರಿನಿಂದೆದ್ದು ಬಂದು, "ಅರೇ ಅಮ್ಮಾ, ಹಾಫ್ ಟೈಮ್ ಆದ್ಮೇಲೆ ಸೈಡ್ ಚೇಂಜ್ ಆಗತ್ತೆ. ಅದು ಅವ್ರ ಗೋಲು, ನಾವು ಸೋತ್ವಿ!" ಎಂದು ಬಿದ್ದು ಬಿದ್ದು ನಕ್ಕಳು. ನೀವು ಹೋದಾಗಿನಿಂದ ಅವಳು ನಕ್ಕಿರಲಿಲ್ಲ. ನಾನೂ ನಗಬೇಕೋ ಬೇಡವೋ ತಿಳಿಯಲಿಲ್ಲ.

ಸೂರತ್‌ಗೆ ಮರಳುವ ರೈಲಿನಲ್ಲೂ ನಗುತ್ತಲೇ ಇದ್ದವಳು ಇದ್ದಕ್ಕಿದ್ದಂತೆ ಅತ್ತಳು. "ಇದನ್ನ ಪಪ್ಪಾಗೆ ಹೇಳ್ಬೇಕಿತ್ತು" ಎಂದಳು.

ಸೋತದ್ದನ್ನೋ, ನಾನು ಚಪ್ಪಾಳೆ ಹೊಡೆದದ್ದನ್ನೋ? ಕೇಳಲು ಧೈರ್ಯವಾಗಲಿಲ್ಲ. ಎರಡನ್ನೂ ಬರೆದಿದ್ದೇನೆ.