ಕಿಟಕಿ ಪಕ್ಕದ ಹಾಸಿಗೆ

6 ಮಾರ್ಚ್ 2011, ಭಾನುವಾರ

ಮಿರ್ಕಾಬ್ ಆಫೀಸಿನಲ್ಲಿ ಸಹಿ ಹಾಕಿ ನೇರ ಮಹಬೂಲಾದ ಫ್ಲಾಟ್ ಕಟ್ಟಡಕ್ಕೆ. ಜನಸಂಖ್ಯೆ ಸರ್ವೆ — ಯಾವ ದೇಶದವರು, ಎಷ್ಟು ಜನ, ಯಾವಾಗ ಬಂದರು. ಆರು ವರ್ಷದ ಹಿಂದೆ ಈ ಕಟ್ಟಡದಲ್ಲಿ ಬರೇ ಸಂಸಾರಗಳಿದ್ದವಂತೆ, ಅದೂ ಮೂರೇ ದೇಶದವು. ಈಗ ನಾಲ್ಕು ಮಹಡಿಗೇ ಹನ್ನೊಂದು ದೇಶ! ಕಾಲಂ ಸಾಲದೆ ಅಂಚಿನಲ್ಲಿ ಬರೆದೆ. ಲಿಫ್ಟ್ ಕೆಟ್ಟಿದೆ. ಮೊಣಕಾಲು ಖಲಾಸ್.

7 ಮಾರ್ಚ್, ಮಧ್ಯಾಹ್ನ

ಫ್ಲಾಟ್ 52. ಆರು ಹಾಸಿಗೆ, ಹನ್ನೆರಡು ಜನರ ಜಾಗ. ಒಬ್ಬ ಡ್ಯೂಟಿ ಮುಗಿಸಿ ಬಂದಾಗ ಇನ್ನೊಬ್ಬ ಎದ್ದು ಹೋಗುತ್ತಾನೆ. ಎಸಿ ಟೆಕ್ನಿಷಿಯನ್ ಬಸಲಿಂಗಯ್ಯ, ಬಾಗಲಕೋಟೆ ಕಡೆಯವರು, ಚಹಾ ಕೊಟ್ಟರು. ಸಿಕ್ಕಿದ್ದು ಹನ್ನೊಂದೇ ಹೆಸರು. ಕಿಟಕಿ ಪಕ್ಕದ ಹಾಸಿಗೆಗೆ ಹಗಲು ಮಲಗುವವನಿಲ್ಲ.

"ಇಲ್ಲಿದ್ದವರು?"

"ಅಂವ ಮನಿಗೆ ಹೋಗ್ಯಾನ್ರೀ. ಇಲ್ಲಿ ಹಾಸಿಗಿ ಖಾಲಿ ಬಿಡಂಗಿಲ್ಲ. ದಣದೀರಿ, ಹತ್ತು ನಿಮಿಷ ಅಡ್ಡಾಗ್ರಿ."

ಬೇಡ ಎನ್ನಬೇಕಿತ್ತು. ಶೂ ಬಿಚ್ಚಿ ಮಲಗಿದೆ. ಖಾಲಿ ಹಾಸಿಗೆ... ಬೆಚ್ಚಗಿತ್ತು.

9 ಮಾರ್ಚ್

ಲಿಸ್ಟ್ ತಿರುವಿದರೆ ಹನ್ನೆರಡು ಹೆಸರು. ಕೊನೆಯದು ಕೊನ್ರಾಡ್, ಅಂದರೆ ನಾನೇ; ನನ್ನದೇ ಅಕ್ಷರ, ಈ ದೇಶದಲ್ಲಿರಲು ಕೊಟ್ಟ ಪರವಾನಗಿಯ ನನ್ನದೇ ಇಕಾಮಾ ನಂಬರ್. ಹೊಳೆ ದಾಟಿದ ಹತ್ತು ದಡ್ಡರು ತಮ್ಮನ್ನು ಎಣಿಸಲು ಮರೆತರಂತೆ. ನಾನು ಅವರಿಗೂ ಅಪ್ಪ, ಬೇರೆಯವರ ರೂಮಿನಲ್ಲಿ ನನ್ನನ್ನೇ ಎಣಿಸಿ ಬಂದಿದ್ದೇನೆ. ಲೆಕ್ಕ ತಪ್ಪಿದರೆ ನನಗೆ ಅನ್ನ ಸೇರುವುದಿಲ್ಲ. ಹೊಡೆದು ಹಾಕಿದೆ.

ಸಂಜೆ ಮನೆಯಲ್ಲಿ ಹೆಂಡತಿ ಡೊರೊತಿಗೆ ಹೇಳಿ ನಗಿಸಲು ಹೋದೆ. "ಮಧ್ಯಾಹ್ನ ಊಟಕ್ಕೆ ಬಂದಾಗಲೇ ಹೇಳಿದ್ರಲ್ಲಾ," ಎಂದಳು.

ನಾನು ಮಧ್ಯಾಹ್ನ ಮನೆಗೆ ಹೋಗಿಯೇ ಇಲ್ಲ.

13 ಮಾರ್ಚ್, ಬೆಳಗ್ಗೆ

ಹೊಡೆದು ಹಾಕಿದ ಹೆಸರು ಮತ್ತೆ ಬಂದಿದೆ. ಸೀದಾ 52ಕ್ಕೆ ಹೋದೆ.

"ನಿಮ್ಮ ಟವೆಲ್ ಒಗದು ಹಾಕೇನ್ರೀ," ಎಂದರು ಬಸಲಿಂಗಯ್ಯ.

"ನನ್ನ ಮನೆ ಖೈತಾನಿನಲ್ಲಿ. ಹೆಂಡತಿ ಇದ್ದಾಳೆ, ಮಗಳಿದ್ದಾಳೆ ಮಾರಾಯ್ರೆ!"

"ಮೊದಲ ಆ ಹಾಸಿಗ್ಯಾಗ ಇದ್ದಂವನೂ ಹಂಗ ಅಂತಿದ್ದ," ಎಂದರು. ಅಣಕವಲ್ಲ, ಪಾಪ, ಸಮಾಧಾನ ಹೇಳುವ ದನಿ.

ಭಯವಾಯಿತು. ನನ್ನ ಮನೆ ಕೈತಪ್ಪುತ್ತಿದೆ ಎಂಬ ಭಯ. ಮನೆಗೆ ಫೋನ್ ಮಾಡಿದೆ. ಮಗಳು ಆಶ್ಲಿ ಎತ್ತಿದಳು. "ಡ್ಯಾಡಿ ಈಸ್ ಹಿಯರ್. ಹೂ ಈಸ್ ದಿಸ್?"

25 ಮಾರ್ಚ್, ಶುಕ್ರವಾರ

ಆ ಫೋನಿನ ಮೇಲೆ ಮನೆ ಕಡೆ ಹೋಗಿರಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ಖೈತಾನ್ ಮುಟ್ಟಿದೆ. ನನ್ನ ಕೀ ಬೀಗದೊಳಗೆ ತಿರುಗಲಿಲ್ಲ. ಬೆಲ್ ಒತ್ತಿದೆ. ಡೊರೊತಿ ಬಾಗಿಲು ತೆರೆದು, ನನ್ನ ಕೈಯಲ್ಲಿದ್ದ ಫಾರ್ಮ್ ನೋಡಿ, ಒಳಗೆ ತಿರುಗಿದಳು. "ಸರ್ವೆಯವರು ಬಂದಿದ್ದಾರೆ. ಎಷ್ಟು ಜನ ಅಂತ ಹೇಳ್ಲಿ?"

"ಮೂರು ಅಂತ ಹೇಳು."

ನನ್ನ ದನಿ. ಒಳಗಿನಿಂದ.

ಡೊರೊತೀ, ಇದು ನಾನು ಎನ್ನಬೇಕಿತ್ತು. ಹದಿನೆಂಟು ವರ್ಷದ ಸಂಸಾರ. ಅಭ್ಯಾಸಬಲ ನೋಡಿ — ಪೆನ್ನು ತೆಗೆದು ಮೂರು ಎಂದು ಬರೆದುಕೊಂಡೆ. ನಾಚಿಕೆಗೆಟ್ಟವನು ನಾನು.

ಬೇಗ ಬರೆದು ಮುಗಿಸಬೇಕು. 52ರ ಈ ಕಿಟಕಿ ಪಕ್ಕದ ಹಾಸಿಗೆಯ ಇನ್ನೊಬ್ಬ ಡ್ಯೂಟಿಯಿಂದ ಬಂದು ನಿಂತಿದ್ದಾನೆ. ಇಷ್ಟು ಮಾತ್ರ — ಆಶ್ಲಿ ಅಮ್ಮನ ಹಿಂದಿನಿಂದ ಇಣುಕಿದಳು. ನನ್ನನ್ನು ನೋಡಿದಳು. ಒಳಗೆ ತಿರುಗಿ ನೋಡಿದಳು. ಮತ್ತೆ ನನ್ನನ್ನು. ಅವಳಿಗೆ ಗೊತ್ತಾಯಿತು, ಆಣೆ ಮಾಡಿ ಹೇಳುತ್ತೇನೆ, ಗೊತ್ತಾಯಿತು. ಡ್ಯಾಡಿ ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ನನ್ನ ಮದುವೆ ಉಂಗುರ ತೊಟ್ಟ ಕೈಯೊಂದು ಒಳಗಿನಿಂದ ಬಂದು ಬಾಗಿಲನ್ನು