ಪುಟ್ಟಿ ಇಟ್ಟ ಎಡೆ

ಬೆಟ್ಟದಪುರ
26-9-2025

ಪುಟ್ಟಿಯ ಅಪ್ಪನಿಗೆ ಮಧುಶ್ರೀ ಮಾಡುವ ನಮಸ್ಕಾರ.

ಹೇಗಿದ್ದೀರಿ? ಬೋರ್‌ವೆಲ್ ಲಾರಿಯ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ನೀವು ಚೆನ್ನಾಗಿಯೇ ಇದ್ದೀರೆಂದು ನಿಮ್ಮ ಲಾರಿ ಮೇಸ್ತ್ರಿ ಹೇಳಿದರಂತೆ. ಆದರೂ ನಿಮ್ಮ ಫೋನು ಐದು ತಿಂಗಳಿಂದ ಸ್ವಿಚ್ ಆಫ್. ಅದಕ್ಕೇ ನಿಮ್ಮ ಲಾರಿಗೇ ಕೆಲಸಕ್ಕೆ ಹೊರಟಿರುವ ರಘು ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಹೆದರಬೇಡಿ, ಬೈಯಲು ಬರೆದದ್ದಲ್ಲ. ಬೈಯುವಷ್ಟು ಶಕ್ತಿ ಉಳಿದಿಲ್ಲ. ಅತ್ತೆಯ ಮಂಡಿನೋವು ಹಾಗೇ ಇದೆ.

ಪುಟ್ಟಿಗೆ ನಾಲ್ಕು ತುಂಬಿತು. ನೀವು ಕೊಟ್ಟುಹೋದ ಟ್ಯಾಬ್‌ನಿಂದ ಮಗು ಹಾಳಾಗುತ್ತದೆ ಎಂದು ಜಗಳ ಆಡಿದ್ದೆನಲ್ಲ, ಅದು ನನ್ನದೇ ತಪ್ಪು. ನಾನು ಹೊಗೆಸೊಪ್ಪು ಕಟ್ಟುವ ಕೂಲಿಗೆ ಹೋದರೆ ಅವಳಿಗೆ ಅದೇ ಜೊತೆ. ಸುಮ್ಮನೆ ನೋಡುತ್ತಾ ಕೂರುವವಳಲ್ಲ ಅವಳು. ಟ್ಯಾಬನ್ನು ಮಗುಚಿ ಹಾಕಿ, ಹಂಚು ಮಾಡಿಕೊಂಡು ಮಣ್ಣಿನ ರೊಟ್ಟಿ ಬೇಯಿಸುತ್ತಾಳೆ. ಅದರಲ್ಲಿ ಲಾಲಿ ಹಾಡಿಸಿ ಜೋಳದ ತೆನೆಯನ್ನು ಮಲಗಿಸುತ್ತಾಳೆ. ಅದರಲ್ಲಿರುವ, ಲಾರಿ ಪಕ್ಕ ನೀವು ನಿಂತಿರುವ ಫೋಟೋಗೆ ಬೆರಳಲ್ಲೇ ಕೊಂಬು, ಬಾಲ ಬರೆದಿದ್ದಾಳೆ. ಬಾಲ ನಿಮಗೆ ಚೆನ್ನಾಗಿಯೇ ಒಪ್ಪುತ್ತದೆ.

ಕಳೆದ ಭಾನುವಾರ ಮಹಾಲಯ ಅಮಾವಾಸ್ಯೆಗೆ ಮಾವನವರ ಪಟದ ಮುಂದೆ ಎಡೆ ಇಟ್ಟೆವು. ಮುದ್ದೆ, ಬಾಡಿನ ಸಾರು, ಕಜ್ಜಾಯ, ಅವರ ಬೀಡಿಕಟ್ಟು. ಹಿರಿಯರು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಜಗುಲಿಯಲ್ಲಿ ಕೂತೆವು. ಮಾರನೆಯ ದಿನ ನಾನು ಕೂಲಿಯಿಂದ ಬಂದರೆ ಬಾಗಿಲು ಮುಚ್ಚಿದೆ, ಪುಟ್ಟಿ ಒಬ್ಬಳೇ ಕೈಕಟ್ಟಿಕೊಂಡು ಜಗುಲಿಯಲ್ಲಿ ಕೂತಿದ್ದಾಳೆ. ಹಿತ್ತಲಲ್ಲಿದ್ದ ಅತ್ತೆಯೂ ಬಂದರು. ಒಳಗೆ ಹೋಗಿ ನೋಡಿದರೆ ಟ್ಯಾಬನ್ನು ಗೋಡೆಗೆ ಒರಗಿಸಿ, ಅದರ ಫೋಟೋದಲ್ಲಿ ನಿಮ್ಮ ಹಣೆಗೆ ವಿಭೂತಿ ಮೆತ್ತಿ, ಮುಂದೆ ಎಲೆ ಹಾಕಿ ಮಣ್ಣಿನ ಮುದ್ದೆ, ಕಲ್ಲಿನ ಕಜ್ಜಾಯ ಬಡಿಸಿದ್ದಾಳೆ. "ಬದುಕಿರೋ ಮಗಂಗೆ ಎಡೆ ಇಕ್ಬುಟ್ಟಲ್ಲೇ, ಮುಂಡೇದೆ!" ಎಂದು ಅತ್ತೆ ಅವಳ ಬೆನ್ನಿಗೆ ಬಾರಿಸಿದರು. ಆಮೇಲೆ ತಾವೇ ಅಳುತ್ತಾ ನಿಮ್ಮ ಆಯಸ್ಸಿಗೆಂದು ದೇವರಿಗೆ ದೀಪ ಹಚ್ಚಿದರು. ಪುಟ್ಟಿ ಬಿಕ್ಕುತ್ತಾ ಕೇಳಿದಳು, "ತಾತಂಗೆ ಇಕ್ಕಿದ್ರಿ, ಅಪ್ಪಂಗೆ ಹೊಟ್ಟೆ ಹಸಿಯಾಕಿಲ್ವಾ?"

ಅಪ್ಪ ಬರುತ್ತಾರೆ ಎಂದೆ. ತಾತನೂ ಬತ್ತಾನಾ ಎಂದಳು. ತಾತ ಬರುವುದಿಲ್ಲ ಎಂದೆ. ಇಬ್ಬರೂ ಪಟದಲ್ಲೇ ಇರುವಾಗ ವ್ಯತ್ಯಾಸ ಹೇಗೆ ಹೇಳಿಕೊಡಲಿ? ಆಯುಧಪೂಜೆಗೆ ಬನ್ನಿ ಎಂದು ಕೇಳುವುದಿಲ್ಲ, ಕೇಳಿ ಕೇಳಿ ನನಗೇ ನಾಚಿಕೆಯಾಗಿದೆ. ಒಂದು ಸಲ ಫೋನು ಮಾಡಿ ಪುಟ್ಟೀ ಎಂದು ಕರೆಯಿರಿ, ಸಾಕು.

ಹೊತ್ತುಹೊತ್ತಿಗೆ ಉಣ್ಣಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ.

ಇಂತಿ,
ಪುಟ್ಟಿಯ ಅವ್ವ
ಮಧುಶ್ರೀ

ರಘು ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದಾನೆ, ಇದೊಂದು ಬರೆದುಬಿಡುತ್ತೇನೆ. ಇವತ್ತು ಬೆಳಿಗ್ಗೆ ಪುಟ್ಟಿ ನಿಮಗೆ ಎಡೆ ಇಡಲು ಮತ್ತೆ ಎಲೆ ಕೇಳಿದಳು. ಅತ್ತೆ ಮನೆಯಲ್ಲಿರಲಿಲ್ಲ. ನಾನೇ ಕೊಯ್ದುಕೊಟ್ಟೆ. ಬಾಗಿಲು ಮುಂದೆ ಮಾಡಿ ಇಬ್ಬರೂ ಜಗುಲಿಯಲ್ಲಿ ಕೂತೆವು. "ಸಾಕು ಕಣವ್ವ, ಬಾಗ್ಲು ತೆಗಿ" ಎಂದು ಕೊನೆಗೆ ಅವಳೇ ಹೇಳಬೇಕಾಯಿತು.