ಆಂಟೆನಾದ ಬಾಲ

ಮನೆ, ಹೊಲಿಗೆ ಕೋಣೆ
ಗುರುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ದ್ವೀಪದ ದೊರೆಗಳಿಗೆ,

ನಿಮ್ಮ ಕೆಮ್ಮು ಹೇಗಿದೆ? ಮಂಗಳವಾರ ಮಾತಿನ ನಡುವೆ ನಾಲ್ಕು ಸಲ ಕೆಮ್ಮಿದಿರಿ, ನಿನ್ನೆ ಎರಡೇ ಸಲ. ಬಿಸಿನೀರು ಕುಡಿಯುತ್ತಿದ್ದೀರಿ ಎಂದುಕೊಂಡಿದ್ದೇನೆ. ಹೌದು, ನೀವು ಆಡುವುದೆಲ್ಲ ನನಗೆ ಕೇಳುತ್ತಿದೆ. ಹದಿನಾರು ದಿನಗಳಿಂದ ಪ್ರತಿ ಸಂಜೆ ಆರಕ್ಕೆ ಒಂದಕ್ಷರ ಬಿಡದೆ ಕೇಳುತ್ತಿದೆ. ನಮ್ಮ ಮಾತು ಮಾತ್ರ ನಿಮ್ಮನ್ನು ತಲುಪುತ್ತಿಲ್ಲ. ಅತ್ತೆ ಚೆನ್ನಾಗಿದ್ದಾರೆ. ಗಂಟಲು ಮಾತ್ರ ಕಟ್ಟಿದೆ, ಏಕೆಂದರೆ ಮಗನಿಗೆ ಕೇಳಲೆಂದು ದಿನವೂ ಮೈಕಿನ ಮುಂದೆ ಕಿರುಚುತ್ತಾರೆ. ಮೆಲ್ಲಗೆ ಹೇಳಿದರೂ ಒಂದೇ, ಕೂಗಿದರೂ ಒಂದೇ ಎಂದರೆ, "ನೀನು ಸುಮ್ನಿರು, ನಾನು ಹೆತ್ತವಳು" ಎನ್ನುತ್ತಾರೆ.

ಇಷ್ಟು ದಿನದ ಮೇಲೆ ಇವತ್ತು ನಿಮ್ಮ ದ್ವೀಪಕ್ಕೆ ಟಪಾಲಿನ ಲಾಂಚು ಐದಕ್ಕೆ ಹೊರಡುತ್ತದಂತೆ. ಎರಡು ಸಲ ಎದ್ದು ಗಡಿಯಾರ ನೋಡಿ ಬಂದೆ. ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡಿ.

ಆದದ್ದು ಇಷ್ಟು. ಇನ್ನೂ ಎರಡು ವರ್ಷ ದ್ವೀಪದ ಹವಾಮಾನ ಕೇಂದ್ರದಲ್ಲೇ ಇರು ಅಂತ ಆಫೀಸಿನವರು ಕೇಳ್ತಿದ್ದಾರೆ, ಏನು ಹೇಳಲಿ ಎಂದು ಅವತ್ತು ನೀವು ಕೇಳಿದಿರಿ. ನಾನು "ನಿಮ್ಮಿಷ್ಟ" ಎಂದು ಮೈಕು ಕೆಳಗಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇಡ ಎನ್ನಬೇಕಿತ್ತು. ಆದರೆ ನೀವಾಗಿಯೇ ಬೇಡವೆನ್ನಲಿ ಎಂಬ ಜಂಬ ನನಗೆ. ಮಾರನೆಯ ದಿನ ಸುಣ್ಣ ಬಳಿಯುವವರು ಬಂದರು. ನಿಮ್ಮ ರೇಡಿಯೋ ಮೇಜು ಸರಿಸಿದಾಗ ನೋಡುತ್ತೇನೆ, ಆಂಟೆನಾದ ಕೇಬಲ್ಲಿಗೆ ಇನ್ನೊಂದು ಕೇಬಲ್ ತುಂಡು ಅಂಟಿಕೊಂಡು ಗೋಡೆಯುದ್ದಕ್ಕೂ ಬಾಲದಂತೆ ನೇತಾಡುತ್ತಿದೆ. ಅದರ ತುದಿ ಯಾವುದಕ್ಕೂ ಸೇರಿಲ್ಲ. ಇಪ್ಪತ್ತು ವರ್ಷ ಹೊಲಿಗೆ ಹಾಕಿದ ಕೈ ಇದು. ಇಳಿಬಿದ್ದ ದಾರ ಕಂಡರೆ ಕತ್ತರಿ ನನ್ನನ್ನು ಕೇಳಿ ಓಡುವುದಿಲ್ಲ. ಬುಡಕ್ಕೆ ಕತ್ತರಿಸಿಬಿಟ್ಟೆ. ಗೋಡೆ ಎಷ್ಟು ಚೊಕ್ಕಟವಾಯಿತೆಂದು ಬೀಗಿದ್ದೂ ಉಂಟು!

ಅವತ್ತಿನ ಸಂಜೆಯಿಂದಲೇ ನೀವು "ಕೇಳ್ತಿದೆಯಾ? ಮಾತಾಡೇ" ಎನ್ನಲು ಶುರು ಮಾಡಿದಿರಿ. ನಾನು ಮಾತಾಡುತ್ತಲೇ ಇದ್ದೆ. ಮೂರನೆಯ ದಿನ "ಇನ್ನೂ ಕೋಪಾನಾ?" ಎಂದಿರಿ. ಆ ಭಾನುವಾರ ಏನೂ ಅನ್ನದೆ ಹತ್ತು ನಿಮಿಷ ಸುಮ್ಮನೆ ಮೈಕು ಒತ್ತಿಕೊಂಡಿದ್ದಿರಿ. ಹಿಂದೆ ಗಾಳಿಯ ಸದ್ದು ಕೇಳಿತು. ನನಗೆ ಅಳು ಬಂತು ರೀ. ನಿಮ್ಮ ಆಫೀಸಿಗೆ ಹೋಗಿ ಒಂದು ಮಾತು ತಲುಪಿಸಿ ಎಂದು ಬೇಡಿದೆ. ಮನೆ ಮಾತಿಗೆಲ್ಲ ಹವಾಮಾನದ ರೇಡಿಯೋ ಕೊಡೋಕಾಗಲ್ಲಮ್ಮ ಎಂದರು.

ಇಷ್ಟು ದಿನ ಊರಲ್ಲಿಲ್ಲದ ರೇಡಿಯೋ ರಿಪೇರಿಯವರು ಇವತ್ತು ಬೆಳಿಗ್ಗೆ ಸಿಕ್ಕರು. ಮೀಟರ್ ಸಿಕ್ಕಿಸಿ, ನನ್ನಿಂದ ಮೈಕು ಒತ್ತಿಸಿ, ಮುಳ್ಳು ತೋರಿಸಿದರು. "ನೋಡಮ್ಮ, ನೀವು ಕಳಿಸಿದ್ದೆಲ್ಲ ವಾಪಸ್ ಬರ್ತಾ ಇದೆ. ಸೆಟ್ಟು ಸುಟ್ಟುಹೋಗಬಾರದು ಅಂತ ತಾನೇ ಶಕ್ತಿ ಕಮ್ಮಿ ಮಾಡ್ಕೊಂಡಿದೆ." ಯಾಕೆಂದೆ. ಸೆಟ್ಟು ಕೊಡುವ ಅಳತೆ ಒಂದು, ಆಂಟೆನಾ ತೆಗೆದುಕೊಳ್ಳುವ ಅಳತೆ ಇನ್ನೊಂದು, ಅದಕ್ಕೆ ಇಂಪೀಡೆನ್ಸ್ ಅನ್ನುತ್ತಾರಂತೆ. ಎರಡನ್ನೂ ಹೊಂದಿಸುತ್ತಿದ್ದದ್ದು ಆ ಬಾಲವಂತೆ. ತುದಿ ಎಲ್ಲಿಗೂ ಸೇರದಿದ್ದರೂ ಅದರ ಉದ್ದವೇ ಅದರ ಕೆಲಸವಂತೆ. ಹಾಗಾದರೆ ನಮಗೆ ಹೇಗೆ ಕೇಳುತ್ತಿದೆ ಎಂದೆ. "ಕೇಳಿಸ್ಕೊಳ್ಳೋಕೆ ಅಷ್ಟು ಹೊಂದಾಣಿಕೆ ಬೇಕಾಗಲ್ಲಮ್ಮ, ಹೇಳೋಕೆ ಬೇಕು" ಎಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ.

ಆಗ ನೆನಪಾಯಿತು. ಒಂದು ರಜಾದಿನವಿಡೀ ನೀವು ಮೀಟರ್ ನೋಡುತ್ತ ಆ ತುಂಡನ್ನು ಬೆರಳಗಲ ಬೆರಳಗಲ ಕತ್ತರಿಸುತ್ತ ಕೂತಿದ್ದಿರಿ. ನನ್ನ ಟೇಪು ಇಸಿದುಕೊಂಡು ಅಳೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರಿ. ಕುಪ್ಪಸ ಹೊಲಿಯೋಕೂ ಇಷ್ಟು ಅಳತೆ ಬೇಡ ಎಂದು ನಾನು ನಕ್ಕಿದ್ದೆ. ಆ ನೋಟ್‌ಬುಕ್ ಈಗ ನಿಮ್ಮ ಹತ್ತಿರವಿದೆ. ತುಂಡು ನನ್ನ ಹತ್ತಿರವಿದೆ, ಪೂರ್ತಿಯಾಗಿ ಅಲ್ಲ. ಇಸ್ತ್ರಿ ಮೇಜಿನ ಅಲ್ಲಾಡುವ ಕಾಲಿಗೆ ಸ್ವಲ್ಪ ಕಟ್ಟಿದ್ದೆ, ಬಚ್ಚಲಿನ ಬಾಗಿಲಿಗೆ ಅತ್ತೆ ಸ್ವಲ್ಪ ಕಟ್ಟಿದ್ದರು, ಉಳಿದದ್ದು ಕಸದ ಜೊತೆ ಹೋಯಿತು. ಆ ಥರದ ಕೇಬಲ್ ತರಿಸಲು ರಿಪೇರಿಯವರಿಗೆ ಹತ್ತು ದಿನ ಬೇಕಂತೆ. ಅಳತೆ ಗೊತ್ತಿದ್ದರೆ ಬಂದ ದಿನವೇ ಕಟ್ಟಿಕೊಡುತ್ತಾರಂತೆ. ಎಷ್ಟು ಅಂಗುಲವೆಂದು ರೇಡಿಯೋದಲ್ಲಿ ಹೇಳಿ, ಬರೆದುಕೊಳ್ಳುತ್ತೇನೆ.

ಕೆಮ್ಮಿಗೆ ಜ್ಯೇಷ್ಠಮಧು ಕಟ್ಟಿ ಕಳಿಸಿದ್ದೇನೆ. ಬೂದು ಅಂಗಿಯ ಕಾಲರ್ ಮಗುಚಿ ಹೊಲಿದಿದ್ದೇನೆ, ಹಾಕಿಕೊಳ್ಳಿ. ಅತ್ತೆಯ ಆಶೀರ್ವಾದ ನಿಮಗೆ ಕೇಳಿಸದಿದ್ದರೂ ದಿನವೂ ಹೊರಟೇ ಇದೆ.

ಇಂತಿ ನಿಮ್ಮ,
ಕತ್ತರಿ ಕೈಯವಳು

ಮರೆತ ಮಾತು: ಪತ್ರ ಕೊಡಲೆಂದು ದಡಕ್ಕೆ ಬಂದೆ, ಚೀಲ ಕಟ್ಟುವ ಗುಮಾಸ್ತರು ನಿಮ್ಮ ಎರಡು ವರ್ಷದ ಫಾರಂ ಕೂಡ ಇದೇ ಚೀಲದಲ್ಲಿದೆ ಎಂದರು. "ಫಾರಂ ಬಂದ್ರೆ ಸಹಿ ಹಾಕಿ ಅದೇ ಲಾಂಚಲ್ಲಿ ಕಳಿಸ್ಬಿಡ್ತೀನಿ, ನಿನಗೂ ಅದೇ ಬೇಕೇನೋ" ಎಂದು ನಿನ್ನೆ ನೀವು ಹೇಳಿದ್ದು ಕೇಳಿದ್ದೇನೆ. ನನಗೆ ಅದು ಬೇಡ. ಸಹಿ ಹಾಕಬೇಡಿ. ನಿಂತುಕೊಂಡೇ ಬರೆಯುತ್ತಿದ್ದೇನೆ, ಲಾಂಚಿನವರು ಕೂಗುತ್ತಿದ್ದಾರೆ. ಅಂಗುಲದ ಲೆಕ್ಕವೂ ಬೇಡ, ನೀವೇ ಬಂದ ಮೇಲೆ ಆ ಬಾಲ ಯಾರಿಗೆ ಬೇಕು? ನಾಳೆ ಆರಕ್ಕೆ "ಬರ್ತೀನಿ" ಅಂತ ಒಂದು ಮಾತು ಹೇಳಿ. ಉತ್ತರ ಕೇಳದಿದ್ದರೆ ಕೋಪವೆಂದುಕೊಳ್ಳಬೇಡಿ. ಇಲ್ಲಿ ನಾವಿಬ್ಬರೂ ಕೂಗುತ್ತಿರುತ್ತೇವೆ.